ಬೆರಳಿಗೆ ಬರುತ್ತಿದ್ದ ಹೆಸರು

ಬೆಳಗಾವಿಯ ಶಹಾಪುರದ ಒಂದು ಮನೆಯ ಪಡಸಾಲೆಯಲ್ಲಿ ಇಳಿಹೊತ್ತಿನ ಬೆಳಕು ಅಲುಗದೆ ನಿಂತಿತ್ತು. ಚಾಪೆಯ ಮೇಲೆ ಒಬ್ಬ ಮುದುಕಿ. ಅವಳ ಮಡಿಲಲ್ಲಿ ಹರೆಯದ ಒಂದು ತೋಳು. ತೋಳಿನ ಮೇಲೆ ಹಸಿರುಗಪ್ಪು ಹಚ್ಚೆಯ ಹೆಸರು, ಬಸವಪ್ರಸಾದ. ಮುದುಕಿಯ ತೋರುಬೆರಳು ಮೊದಲ ಅಕ್ಷರದ ತಿರುವಿಗಿಳಿದು, ಮೆಲ್ಲಗೆ ಸಾಗಿ, ಕೊನೆಯ ಅಕ್ಷರದ ಅಂಚಿನಲ್ಲಿ ನಿಂತಿತ್ತು. ಪಕ್ಕದ ಮನೆಯ ಮಗ್ಗವೂ ಆ ಗಳಿಗೆ ಸುಮ್ಮನಿತ್ತು. ತೋಳಿನ ಒಡತಿ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು...

ಅವಳು ಸಮೃದ್ಧಿ. ಮುದುಕಿ ಅವಳ ಅತ್ತೆ ಬಾಳವ್ವ. ಬಸವಪ್ರಸಾದ ಬಾಳವ್ವನ ಮಗ, ಸಮೃದ್ಧಿಯ ಗಂಡ. ರಸ್ತೆ ಅಪಘಾತದಲ್ಲಿ ತೀರಿಹೋದವನು.

ಮದುವೆಯ ಹೊಸದರಲ್ಲಿ ಅವನೇ ಪೆನ್ನು ಹಿಡಿದು ಅವಳ ತೋಳಿನ ಮೇಲೆ ತನ್ನ ಹೆಸರು ಬರೆದಿದ್ದ. ಹಚ್ಚೆಯ ಸೂಜಿ ಆ ಬರಹದ ಮೇಲೆಯೇ ನಡೆದಿತ್ತು. ಅಕ್ಷರ ಬಾರದ ಬಾಳವ್ವನಿಗೆ ಮಗನ ಕೈಬರಹ ಉಳಿದದ್ದು ಅಲ್ಲಿ ಮಾತ್ರ. ಸೊಸೆ ಶಾಲೆಯಿಂದ ಬಂದೊಡನೆ ಆ ತೋಳನ್ನು ಮಡಿಲಿಗೆಳೆದು, ಹೆಸರಿನ ಮೇಲೆ ಬೆರಳಾಡಿಸಿ, ಕಣ್ಣಿಗೆ ಒತ್ತಿಕೊಳ್ಳುವಳು.

ಆ ಮನೆಯಲ್ಲಿ ಬೈಗುಳವಿರಲಿಲ್ಲ, ಕಟ್ಟಳೆಯಿರಲಿಲ್ಲ. ಇದ್ದದ್ದು ಪ್ರೀತಿ. ಬೈದಿದ್ದರೆ ಬಿಟ್ಟು ಹೋಗಬಹುದಿತ್ತು... ಪ್ರೀತಿಸುವವಳ ಮಡಿಲಿನಿಂದ ಕೈ ಕಿತ್ತುಕೊಳ್ಳುವುದು ಹೇಗೆ?

ಅದೇ ಕೈಯ ಹಿಂಬದಿಯಲ್ಲಿ ಐದು ಚುಕ್ಕೆಗಳ ಹಳೆಯ ಹಚ್ಚೆಯೂ ಇತ್ತು, ಬಾಲ್ಯದಲ್ಲಿ ತಾಯಿ ಹಾಕಿಸಿದ್ದು. ಮನೆಯ ನಾಲ್ಕು ಮೂಲೆ, ನಡುವೆ ದೀಪ ಎಂದಿದ್ದಳು ತಾಯಿ. ಈಚೆಗೆ ಸಮೃದ್ಧಿಗೆ ಅದು ಬೇರೆಯಾಗಿ ಕಾಣುತ್ತಿತ್ತು: ನಾಲ್ಕು ಗೋಡೆ, ನಡುವೆ ತಾನು.

ಟಿಳಕವಾಡಿಯ ಶಾಲೆಯೊಂದರಲ್ಲಿ ಅವಳು ಚಿತ್ರಕಲೆ ಕಲಿಸುತ್ತಿದ್ದಳು. ಹಿಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಖಾನಾಪುರದ ಕುಂಬಾರಿಕೆಯ ಶೆಡ್ಡಿಗೆ ಹೋದಾಗ ಅಲ್ಲಿನ ಕುಂಬಾರ ಮಯೂರನನ್ನು ಕಂಡಳು. ಚಕ್ರದ ಮುಂದೆ ಕೂತು ತೋಳೇರಿಸಿದಳು. ಮಣ್ಣು ನಿಲ್ಲಿಸಲು ಅವಳ ಕೈಗೆ ಕೈ ಕೊಟ್ಟವನ ಕಣ್ಣು ಹಚ್ಚೆಯ ಮೇಲೆ ಬಿತ್ತು.

“ಇದು ಯಾರ ಹೆಸರ್ರೀ, ಟೀಚರ್?”

“ನಮ್ಮ ಮನ್ಯಾವ್ರದು.”

ಅವರು ಈಗ ಇಲ್ಲ ಎಂಬುದನ್ನು ಸೇರಿಸಲಿಲ್ಲ. ಮಯೂರ ತಟ್ಟನೆ ಕೈ ತೆಗೆದ. ಚಕ್ರದ ಮೇಲಿನ ಗಡಿಗೆ ಓರೆಯಾಗಿ ಕುಸಿಯಿತು.

ಆಮೇಲೂ ಅವಳು ರಜೆಯ ದಿನಗಳಲ್ಲಿ ಹೋಗುತ್ತಿದ್ದಳು. ಮಣ್ಣು ಮೆತ್ತಿದಾಗ ತೋಳಿನ ಹೆಸರು ಮರೆಯಾಗುತ್ತಿತ್ತು. ತೊಳೆದರೆ ಮರಳಿ ಬರುತ್ತಿತ್ತು. ಆ ಮರೆಯಲ್ಲಷ್ಟೇ ಅವಳು ನಗುತ್ತಿದ್ದಳು. ಅವಳ ಗಂಡ ತೀರಿಹೋದ ಸಂಗತಿ ಶಾಲೆಯ ಇನ್ನೊಬ್ಬ ಶಿಕ್ಷಕಿಯಿಂದ ತಿಳಿದ ದಿನ, ಮಯೂರ ತನ್ನ ಮನಸ್ಸನ್ನು ಅವಳ ಮುಂದಿಟ್ಟ. ನಂತರ, ಅಂಜುತ್ತಲೇ ಕೇಳಿದ:

“ಲೇಸರ್‌ಲೆ ಇದನ್ನ ತಗಸಾಕ ಬರ್ತೈತಿ ಅಂತಾರಲ್ರೀ?”

“ಬರ್ತೈತಿ. ನಾ ತಗಸಂಗಿಲ್ಲ.”

ಸತ್ತವನಿಗೇ ಮೀಸಲಾದವಳು ಎಂದುಕೊಂಡ ಅವನು. ಈ ಹೆಸರು ನನ್ನದಲ್ಲ, ಒಬ್ಬ ತಾಯಿಯದು ಎಂದು ಅವಳು ಹೇಳಲಿಲ್ಲ. ಬೆಳಗಾವಿಯ ಬಸ್ಸು ಹತ್ತಿದಳು. ಮತ್ತೆ ಖಾನಾಪುರಕ್ಕೆ ಹೋಗಲಿಲ್ಲ.

ಅದನ್ನು ಕಂಡುಕೊಂಡವಳು ಬಾಳವ್ವ. ದಿನವೂ ಕೈ ಹಿಡಿಯುವವಳಲ್ಲವೆ...

“ಉಗುರಾಗ ಮಣ್ಣ ಇಲ್ಲಲ್ಲ ಈಗೀಗ?”

“ಖಾನಾಪುರಕ್ಕ ಹೋಗೂದು ಬಿಟ್ಟೀನ್ರಿ,” ಎಂದಳು ಸಮೃದ್ಧಿ. ಅಲ್ಲಿ ಮಣ್ಣು ಕಲಿಸುವ ಹುಡುಗನ ಮಾತೆತ್ತಿದೊಡನೆ ಮುಖ ತಿರುಗಿಸಿದಳು; ಬಾಳವ್ವನಿಗೆ ಅಷ್ಟೇ ಸಾಕಾಯಿತು.

ಕೆಲವು ದಿನಗಳ ನಂತರ ಬಾಳವ್ವ, ಪಕ್ಕದ ಓಣಿಯಲ್ಲಿದ್ದ ಮಗಳು ಪ್ರಮಿಳಾಳನ್ನು ಕರೆದುಕೊಂಡು ಎಲ್ಲಿಗೋ ಹೋಗಿ ಸಂಜೆ ಮರಳಿದಳು. ಆ ಸಂಜೆ ಸೊಸೆಯ ತೋಳು ಕೇಳಲಿಲ್ಲ. ಸಮೃದ್ಧಿಗೆ ದಿಗಿಲಾಯಿತು. ತಾನೇ ಕೈ ಚಾಚಿದಳು.

ಬಾಳವ್ವ ಸೆರಗು ಸರಿಸಿದಳು. ಸುಕ್ಕುಗಟ್ಟಿದ ತೋಳು ಕೆಂಪಗೆ ಬಾತಿತ್ತು. ಅದರ ಮೇಲೆ ಹಸಿಹಸಿ ಹಚ್ಚೆ... ಬಸವಪ್ರಸಾದ! ಸಾಲು ಸೊಟ್ಟ, ಅಕ್ಷರಗಳು ನಡುಗಿದ್ದವು; ಆದರೆ ತಿರುವುಗಳೆಲ್ಲ ಅವನವೇ.

“ಖಾನಾಪುರದಾಗ ಹಚ್ಚಿ ಹಾಕೋ ಮುದುಕಿ ಅದಾಳ. ಹೆಸರು ಬರದು ಕೊಡು ಅಂದ್ಲು. ನನಗೆಲ್ಲಿ ಬರಿಯಾಕ ಬರ್ತೈತಿ? ಬೆರಳಿಗೆ ಬರ್ತಿತ್ತು. ಬರದೆ.”

ಸಮೃದ್ಧಿ ಆ ತೋಳಿಗೆ ಹಣೆ ಹಚ್ಚಿ ಅತ್ತಳು.

“ಇನ್ನ ನಿನ್ನ ಕೈ ನಿನಗ ಇರ್ಲಿ, ಮಗಳ. ಆ ಮಣ್ಣಿನ ಹುಡುಗನ್ನೂ ನೋಡಿ ಬಂದೆ. ಎಲ್ಲಾ ಹೇಳೀನಿ. ಹೊರಗ ನಿಂತಾನ. ಮದುವಿ ಮಾತು ನಾಳೆ ನಾನ ಆಡ್ತೀನಿ. ಈಗ ನೀವಿಬ್ರು ಆಡ್ಕೊಳ್ರಿ, ಹೋಗು.”

ಹೊಸ್ತಿಲಾಚೆ ಮಯೂರ ತಲೆ ತಗ್ಗಿಸಿ ನಿಂತಿದ್ದ.

“ನಾ ಅದನ್ನ ಕೇಳಬಾರದಿತ್ರೀ. ಆ ಹೆಸರು ಇರ್ಲಿ.”

“ಅವತ್ತ ಇಲ್ಲ ಅಂದಿದ್ದು ಲೇಸರಿಗೆ, ನಿಮಗಲ್ರೀ,” ಎಂದಳು ಸಮೃದ್ಧಿ. ಇಷ್ಟು ದಿನ ಒಳಗೇ ಇದ್ದ ಮಾತು ಹೊರಬಿತ್ತು. “ನಿಮಗ ಎಂದೂ ಇಲ್ಲ ಅಂದಿಲ್ಲ.”

ಅವನು ಕೈ ಚಾಚಿ, ಅರ್ಧದಲ್ಲೇ ತಡೆದ. “ತೊಳಿಲಾರದ ಬಂದೀನಿ. ಮಣ್ಣಾಗೇತಿ.”

“ಆಗ್ಲಿ. ನನ್ನವೂ ಆಗ್ಲಿ.”

ಕೈ ಹಿಡಿದು ಅವಳು ಒಮ್ಮೆ ಹೊರಳಿದಳು. “ಅತ್ತೀ, ಹೋಗಿ ಬರ್ತೀನ್ರಿ.”

ಬಾಳವ್ವ ನೋಯುವ ತೋಳನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಕದ ಎಳೆದಳು.

ಮೆಟ್ಟಿಲಿಳಿಯುತ್ತಿದ್ದ ಸಮೃದ್ಧಿಯ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಚಿಲಕದ ಸದ್ದು ಮಾತ್ರ ಕೇಳಲಿಲ್ಲ.