ಹಗ್ಗದಾಚೆ ಕೇಳಿದ ಮಾತು

"ಮುಟ್ಟಬೇಡಿ! ನನ್ನ ಅತ್ತೇನ ನೀವು ಮುಟ್ಟಬೇಡಿ!"

ಎತ್ತಿನ ಗಾಡಿಯಿಂದ ಹಾರಿದ ದೈವಾನೈ ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

ಎದುರಿಗಿದ್ದವನು ಗಾಯ ಕಟ್ಟಿ ಔಷಧಿ ಕೊಡುವ ಡ್ರೆಸರ್ ತಂಗವೇಲ್. ಮೊಣಕೈವರೆಗೆ ಮಡಚಿದ ಅಂಗಿ, ನಿದ್ದೆಗೆಟ್ಟು ಕೆಂಪಾದ ಕಣ್ಣು. ಗೂಡಲೂರಿನ ಬೆಟ್ಟದ ಬುಡದಲ್ಲಿ, ವಾಂತಿಭೇದಿ ಬಂದವರಿಗೆಂದು ಕಟ್ಟಿದ ಗರಿಯ ಕೊಟ್ಟಿಗೆಗೆ ಅವನೊಬ್ಬನೇ ದಿಕ್ಕು. ದಿಂಡಿಗಲ್ಲಿನಿಂದ ದೊಡ್ಡ ಡಾಕ್ಟರು ಬರುತ್ತಾರೆ, ಬರುತ್ತಾರೆ ಅಂತ ಎರಡು ತಿಂಗಳಾಯಿತು. ಬಂದರೆ ತಾನೆ!

"ಮುಟ್ಟದೆ ಹೇಗಮ್ಮಾ ಇಳಿಸಲಿ?"

"ನಾನೇ ಇಳಿಸ್ತೀನಿ. ಔಷಧಿ ಕೊಡಿ, ಗಂಜಿ ಕೊಡಿ. ಕುಡಿಸೋದು ನಾನು. ಅಷ್ಟೆ!"

ಇವರಿಬ್ಬರ ಮಾತೆಲ್ಲ ತಮಿಳಿನಲ್ಲಿ. ಅವನಿಗೆ ಬರುವುದು ಅದೊಂದೇ. ಅವಳಿಗೆ ತಮಿಳೂ ಬರುತ್ತಿತ್ತು, ಮನೆಯ ಕನ್ನಡವೂ. ಇಡೀ ಕಥೆ ಕೆಟ್ಟಿದ್ದೇ ಅಲ್ಲಿ ನೋಡಿ!

ಅದು ಸಾವಿರದ ಎಂಟುನೂರ ತೊಂಬತ್ಮೂರು. ಬೆಟ್ಟ ಕೊರೆದು ಆಚೆಯ ನದಿಯನ್ನು ಈಚೆಗೆ ತಿರುಗಿಸುವ ಕೆಲಸ. ದಿನಾ ಮೇಲೆ ಸಿಡಿಮದ್ದು ಗುಡುಗುತ್ತಿತ್ತು, ದಿನಾ ಹೆಣಗಳು ಕೆಳಗಿಳಿಯುತ್ತಿದ್ದವು. ಈಗ ಪೀಡೆ ಅವಳ ಊರು ಕಂಬಂವರೆಗೂ ಇಳಿದಿತ್ತು. ತಾಯಿಯಿಲ್ಲದ ದೈವಾನೈಯನ್ನೂ ಅವಳ ಅಣ್ಣ ಅಳಗರನನ್ನೂ ಬೆಳೆಸಿದ ಸೋದರತ್ತೆ ಪಾಪಮ್ಮಾಳ್ ಕಣ್ಣೆದುರೇ ಒಣಗುತ್ತಿದ್ದಳು. ನೆಂಟರು ಬಾಗಿಲು ಹಾಕಿಕೊಂಡು ಒಳಗಿಂದಲೇ "ಅಯ್ಯೋ ಪಾಪ" ಅಂದರು.

ಬೇರೆ ದಾರಿ ಇದ್ದಿದ್ದರೆ ಅವಳು ಈ ಮನುಷ್ಯನ ಹತ್ತಿರ ಬರುತ್ತಿದ್ದಳೇ?

ಸುಣ್ಣದ ಗಾಡಿ ಹೊಡೆಯುತ್ತಿದ್ದ ಅಳಗರ್ ಹೋದ ವರ್ಷ ಸತ್ತದ್ದು ಇದೇ ಕೊಟ್ಟಿಗೆಯಲ್ಲಿ. ಮನೆಯವರು ಕೊಟ್ಟಿಗೆಯ ಸುತ್ತ ಕಟ್ಟಿದ್ದ ಹಗ್ಗ ದಾಟುವಂತಿರಲಿಲ್ಲ. ಹಗ್ಗದಾಚೆ ನಿಂತಿದ್ದ ಅವಳ ಕಿವಿಗೆ ಇವನ ದನಿ ಬಿದ್ದಿತ್ತು.

"ಸಾಗು, ಅಳಗರ್... ಸಾಗು."

ತಮಿಳಿನಲ್ಲಿ 'ಸಾಯಿ' ಅಂತ! ಪ್ರಾಣ ಹೋಗುತ್ತಿರುವವನಿಗೆ ಸಾಯಿ ಅಂದವನು!

ಆ ದನಿ ವರ್ಷವಿಡೀ ಅವಳನ್ನು ಬಿಟ್ಟಿರಲಿಲ್ಲ. ಹಾಲು ಕರೆಯುವಾಗ, ರಾಗಿ ಬೀಸುವಾಗ, ಬೆನ್ನ ಹಿಂದೆ ಯಾರೋ ನಿಂತು ಅದನ್ನೇ ಅನ್ನುತ್ತಿದ್ದರು. ತಿರುಗಿದರೆ ಯಾರೂ ಇಲ್ಲ...

"ನೀವು ಅಳಗರನ ತಂಗಿ ಅಲ್ವಾ?" ತಂಗವೇಲ್ ಮೆಲ್ಲಗೆ ಕೇಳಿದ. "ಮೂರು ದಿನ ಅಲ್ಲೇ ನಿಂತಿದ್ರಿ. ಊಟಾನೂ ಮಾಡಿರಲಿಲ್ಲ."

"ಅದೆಲ್ಲ ನಿಮಗ್ಯಾಕೆ?"

ಅವನು ಹಗ್ಗ ಎತ್ತಿ ಹಿಡಿದ.

"ಒಳಗೆ ಬನ್ನಿ. ಈಗ ಯಾರನ್ನೂ ಆಚೆ ನಿಲ್ಲಿಸಲ್ಲ ನಾನು."

ಉಪ್ಪು ಹಾಕಿದ ಗಂಜಿಯ ತಿಳಿ, ಗುಟುಕು ಗುಟುಕಾಗಿ. ವಾಂತಿಯಾದರೆ ಮತ್ತೆ. ದೈವಾನೈ ಕುಡಿಸುತ್ತಲೇ ಓರೆಗಣ್ಣಲ್ಲಿ ಅವನನ್ನು ನೋಡುತ್ತಿದ್ದಳು. ಯಾವುದೋ ಮುದುಕನ ಹೇಸಿಗೆಯನ್ನು ತನ್ನ ಟವೆಲಿನಲ್ಲೇ ಒರೆಸುತ್ತಾನೆ. ಸತ್ತವಳ ಕಣ್ಣು ಮುಚ್ಚಿ, ಅಲ್ಲೇ ಒಂದು ಗಳಿಗೆ ಕೂರುತ್ತಾನೆ.

*ನಾಟಕ!* ಅಂದುಕೊಂಡಳು. ಅಂದುಕೊಂಡಷ್ಟು ಸಿಟ್ಟು ಮಾತ್ರ ಬರಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆಯ ಕಣ್ಣು ಗುಳಿಬಿದ್ದವು. ಬೆರಳು ತಣ್ಣಗಾದವು.

"ಸಾಕು ಪುಳ್ಳೆ... ಕುಡಿಲಾರೆ... ಸಾಕು ತಾಯೀ..."

ದೈವಾನೈ ಬಟ್ಟಲು ಕೆಳಗಿಟ್ಟಳು.

"ಇಳಿಸಬೇಡಿ!" ತಂಗವೇಲ್ ಓಡಿ ಬಂದ. "ಕೊಡ್ತಾ ಇರಿ!"

"ಸಾಕು ಅಂತಾಳಲ್ಲ!"

ಅವನ ಮುಖ ಬಿಳಿಚಿತು. "ಆ ಮಾತು... ನನಗೆ ಗೊತ್ತು."

"ಗೊತ್ತಿಲ್ಲದೆ ಏನು! ನೀವೇ ತಾನೆ ನಮ್ಮಣ್ಣನಿಗೆ ಸಾಯಿ ಅಂದಿದ್ದು? ಕಿವಿಯಾರೆ ಕೇಳಿದೀನಿ!"

"ಸಾಯಿ ಅಂತಾ? ನಾನಾ?"

ತಂಗವೇಲ್ ಮಂಚದ ಪಕ್ಕ ಕೂತ.

"ಅವನು ಸಾಕು ಸಾಕು ಅಂತಿದ್ದ. ನನಗೆ ಸಾಯ್ತೀನಿ ಸಾಯ್ತೀನಿ ಅಂದ ಹಾಗೆ ಕೇಳ್ತಿತ್ತು. ಸಾಯೋಕೆ ಬಿಡಲ್ಲ ಕಣೋ ಅಂತ ಬೈದು ಬೈದು ಕುಡಿಸಿದೆ. ಪಕ್ಕದ ಮಂಚದಲ್ಲಿ ಚಿನ್ನತಂಬಿ ಅಂತ, ನಿಮ್ಮ ಜನವೇ. ಅವನು ಹೇಳಿದ, 'ಅಯ್ಯಾ, ಅದು ನಮ್ಮ ಮಾತು. ಪೋದುಂ, ಇನ್ನು ಬೇಡ ಅಂತಿದಾನೆ. ಬಿಟ್ಟುಬಿಡಿ.' ಅರ್ಧ ದಿನ ಬೇಡ ಅಂದವನ ಬಾಯಿಗೆ ಸುರಿದಿದ್ದೆನಲ್ಲಾ ಅಂದುಕೊಂಡೆ. ಬಟ್ಟಲು ಇಳಿಸಿದೆ. ತಲೆ ಸವರಿ ಅವನ ಮಾತಲ್ಲೇ ಹೇಳಿದೆ... ಸಾಕು, ಅಳಗರ್, ಸಾಕು."

"ಕನ್ನಡದಲ್ಲಾ...?"

"ನನ್ನ ಬಾಯಿಂದ ಬಂದ ಮೊದಲ ಕನ್ನಡ ಮಾತು."

ಅಯ್ಯೋ ದೇವರೇ! ತಮಿಳು ಮಾತ್ರ ಬಲ್ಲವನು ಆಡಿದ್ದೆಲ್ಲ ತಮಿಳೇ ಅಂತ ಅವಳು ಅಂದುಕೊಂಡಿದ್ದಳು. ಅವನ ತಮಿಳು ನಾಲಿಗೆಯಲ್ಲಿ 'ಸಾಗು' ಆದ 'ಸಾಕು'ವನ್ನು, ತನ್ನ ಮನೆಯ ಮಾತನ್ನೇ ಗುರುತಿಸದೆ ಹೋದಳಲ್ಲ! ಒಂದು ವರ್ಷ ಕೂಳಿನ ಜೊತೆ ನುಂಗಿದ ದ್ವೇಷ...

"ಇನ್ನೂ ಇದೆ, ಕೇಳಿ." ತಂಗವೇಲ್ ತಲೆ ಎತ್ತಲಿಲ್ಲ. "ನಾನು ಇಳಿಸದೇ ಇದ್ದಿದ್ರೆ ಅವನು ಬದುಕ್ತಿದ್ನೋ ಏನೋ. ಗೊತ್ತಿಲ್ಲ. ಬಟ್ಟಲು ಹಿಡಿದಾಗಲೆಲ್ಲ ಅವನು ಕೇಳ್ತಾನೆ, ಯಾಕೆ ನಿಲ್ಲಿಸಿದೆ ಅಂತ. ಬೈಯೋದಾದ್ರೆ ಅದಕ್ಕೆ ಬೈಯಿರಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ, ಅಷ್ಟೆ."

ಅರ್ಧ ಹೇಳಿ ನಿಲ್ಲಿಸಿದ್ದರೆ ಅವಳು ಆಗಲೇ ಕ್ಷಮಿಸಿಬಿಡುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು. ಆದರೂ ಹೇಳಿದ!

*ಇಂಥವನನ್ನು ನಂಬದೆ ಇನ್ಯಾರನ್ನು ನಂಬಲಿ?*

"ಅತ್ತೆ ತಲೆ ಎತ್ತಿ ಹಿಡ್ಕೊಳ್ಳಿ," ಅಂದಳು. ಬಟ್ಟಲು ಮತ್ತೆ ಅವಳ ಕೈಗೆ ಬಂದಿತ್ತು.

ಅವನು ಹಿಡಿದುಕೊಂಡ. ಅತ್ತೆ ಸಾಕು ಅಂದಳು, ಶಪಿಸಿದಳು, ಅವಳ ಕೈ ಕಚ್ಚಿದಳು. ದೈವಾನೈ ಅಳುತ್ತಾ ಅಳುತ್ತಾ ಸುರಿದಳು.

"ಸಾಲದು ಅತ್ತೆ! ಇನ್ನೂ ಸಾಲದು!"

ಸೂರ್ಯ ಬೆಟ್ಟದ ಹಿಂದೆ ಇಳಿಯುವ ಹೊತ್ತಿಗೆ ಅತ್ತೆ ಗೊಣಗಿದಳು, "ಏ ಪುಳ್ಳೆ, ಉಚ್ಚೆಗೆ ಹೋಗಬೇಕು."

"ಉಚ್ಚೆನಾ?" ವಿಷಯ ತಿಳಿದ ತಂಗವೇಲ್ ಮಗುವಿನ ಹಾಗೆ ನಕ್ಕುಬಿಟ್ಟ. "ಬದುಕಿದ್ರು! ಮೈಯಲ್ಲಿ ನೀರು ನಿಂತಿದೆ, ನಿಮ್ಮತ್ತೆ ಬದುಕಿದ್ರು!"

ಅಂಥ ಮಾತಿಗೆ ನಗುನಗುತ್ತಲೇ ಕಣ್ಣೀರು ಹಾಕಿದ ಗಂಡಸನ್ನು ದೈವಾನೈ ಕಂಡಿರಲಿಲ್ಲ. ಮನಸ್ಸು ಅಲ್ಲೇ ಜಾರಿತು ಅಂದರೆ ನೀವು ನಗುತ್ತೀರಿ. ನಗಿ, ನನಗೇನು! ನಿಜ ಅದೇ.

ಐದನೇ ದಿನ ಕುಮುಳಿ ಘಾಟಿನಿಂದ ಸುದ್ದಿ ಬಂತು. ಅಲ್ಲೂ ಪೀಡೆ. ಹೆಂಗಸರು ಗಂಡಸಿನ ಕೈಯಲ್ಲಿ ಕುಡಿಯಲೊಲ್ಲದೆ ಸಾಯುತ್ತಿದ್ದಾರೆ.

ಔಷಧಿ ಪೆಟ್ಟಿಗೆ ಕಟ್ಟುತ್ತಿದ್ದ ತಂಗವೇಲನ ಎದುರು ದೈವಾನೈ ಬಂದು ನಿಂತಳು.

"ನಾನೂ ಬರ್ತೀನಿ."

"ಏನಂತ ಕರ್ಕೊಂಡು ಹೋಗ್ಲಿ ನಿಮ್ಮನ್ನ? ಊರು ಏನಂದೀತು?"

ಅವಳು ಕೆಂಪಾಗಿ ತಲೆ ತಗ್ಗಿಸಿದಳು. ಬಾಯಿ ಬಿಟ್ಟಿದ್ದು ಮಂಚದ ಮೇಲಿದ್ದ ಅತ್ತೆ, ಅದೂ ತಮಿಳಿನಲ್ಲಿ.

"ಊರಂತೆ ಊರು! ಬಾಗಿಲು ಹಾಕ್ಕೊಂಡಿತಲ್ಲ, ಅದಾ? ಇವನ ಕೈಗಂಜಿ ಕುಡಿದು ಉಳಿದೋಳು ನಾನು. ಇನ್ನು ನನಗೆ ಯಾವ ಜಾತಿ? ಏಯ್ ತಂಗವೇಲು, ಅವಳು ಬೇಕಾದ್ರೆ ತಾಳಿ ಕಟ್ಟಿ ಕರ್ಕೊಂಡು ಹೋಗು!"

ಕೊಟ್ಟಿಗೆಯಲ್ಲಿ ಬದುಕಿದ್ದವರೆಲ್ಲ ತಲೆ ಎತ್ತಿ ನೋಡಿದರು.

ತಂಗವೇಲ್ ಪೆಟ್ಟಿಗೆ ಕಟ್ಟಿ ಕೈಗೆತ್ತಿಕೊಂಡ. ಆಮೇಲೆ ಅವಳಿಗಷ್ಟೇ ಕೇಳುವಂತೆ ಹೇಳಿದ.

"ಬೇಕು ದೈವಾನೈ. ನೀನು ಹಗ್ಗದಾಚೆ ನಿಂತಿದ್ದ ದಿನದಿಂದ ನಿನ್ನ ಮುಖ ಮರೆತಿಲ್ಲ. ಆದ್ರೆ ನನ್ನ ಜೊತೆ ಸುಖ ಇಲ್ಲ. ನಿದ್ದೇಲಿ ಎದ್ದು ಕೂರ್ತೀನಿ. ಸತ್ತವರೆಲ್ಲ ಬರ್ತಾರೆ. ನಿಮ್ಮಣ್ಣನೂ ಬರ್ತಾನೆ."

ದೈವಾನೈ ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು.

"ಅವನು ಬಂದಾಗ ನನ್ನನ್ನ ಎಬ್ಬಿಸಿ. ಒಬ್ಬರೇ ಕೂರಬೇಡಿ. ನಾನೂ ಅಣ್ಣನ ಮುಖ ನೋಡಿ ಒಂದು ವರ್ಷ ಆಯ್ತು."