ಮಾಡಿದವನ ಪಾಲು

“ಈ ಸಿಂಧೂರದ ಔಷಧ ಮಾಡಿದವನೇ ಮೊದಲು ತಿನ್ಬೇಕು ಅಳಿಯಂದ್ರೇ. ನಲವತ್ತೆಂಟು ದಿನ. ತಿನ್ನದೆ ಮಂದಿಗೆ ಕೊಟ್ರೆ ಗುರುಗಳ ಶಾಪ. ಔಷಧ ಅವನ ಮನೇಲೇ ಒಂದು ಬಾಯಿ ಹುಡುಕ್ಕೊಂಡು ಬರುತ್ತೆ.”

“ಪುಡಿಗೆ ಕಾಲು ಬರುತ್ತಾ ಮಾವ?” ಉಲಗನಾಥನ್ ನಕ್ಕ.

“ನಮ್ಮಣ್ಣನೂ ಹೀಗೇ ನಕ್ಕಿದ್ದ,” ಅಂದರು ವೈದ್ಯ ಆವುಡೈಯಪ್ಪನ್.

ಮದುರೈಯಲ್ಲಿ ಔಷಧಶಾಸ್ತ್ರ ಓದಿದವನು ಅಂಬಾಸಮುದ್ರದ ಈ ಸಿದ್ಧವೈದ್ಯರ ಮನೆಗೆ ಅಳಿಯನಾಗಿ ಬಂದಿದ್ದ. ಔಷಧವನ್ನು ಮಡಕೆಯಲ್ಲಿಟ್ಟು ಸುಡುವ, ಪುಟ ಹಾಕುವ ಕೋಣೆಗೆ ಕಿಟಕಿ ಇರಲಿಲ್ಲ. ಬೆರಣಿಯ ಹೊಗೆ, ಸುಟ್ಟ ಗಂಧಕದ ನಾತ, ಕಲ್ಲಿನಲ್ಲಿ ಅವನು ಪಾದರಸ ಅರೆಯುವ ಸದ್ದು. ಕೊನೆಗೆ ಮಡಕೆ ಒಡೆದಾಗ ರಕ್ತದಷ್ಟು ಕೆಂಪು ಪುಡಿ.

ಶಾಪಕ್ಕೆ ಅವನು ಹೆದರಲಿಲ್ಲ. ಪಾದರಸಕ್ಕೆ ಹೆದರಿದ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ದಿನಾ ಬೆಳಿಗ್ಗೆ ಮಾವ ಜೇನಿನಲ್ಲಿ ಕಲಸಿ ಕೊಟ್ಟದ್ದನ್ನು ವೀಳ್ಯದೆಲೆಯಲ್ಲಿ ಒಳಗೊಯ್ದು, ಉಗ್ರಾಣದ ಅಕ್ಕಿ ಗುಡಾಣದ ಹಿಂದೆ ಇಟ್ಟು ಬರುತ್ತಿದ್ದ. ಸಂಜೆ ನೋಡಿದರೆ ಎಲೆ ಖಾಲಿ. ನೆಕ್ಕಿ ಒರೆಸಿದ ಹಾಗೆ.

ಇಲಿ ಇರಬೇಕು ಅಂದುಕೊಂಡ.

ಹೆಂಡತಿ ಗೋಮತಿ ಮಾತು ಕಡಿಮೆ ಮಾಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಡಿಸುತ್ತಿದ್ದಳು. ಅವಳ ಉಸಿರಿಗೆ ಹಳೇ ಹಿತ್ತಾಳೆಯ ವಾಸನೆ. ಅವನು ಕೇಳಲಿಲ್ಲ.

ನಲವತ್ತೊಂಬತ್ತನೆಯ ದಿನ ಅಂಗಳದ ತುಂಬ ರೋಗಿಗಳು. ಮಾವ ಅವನ ಗಲ್ಲ ಹಿಡಿದೆತ್ತಿ ಎಲ್ಲರಿಗೂ ತೋರಿಸಿದರು. “ನೋಡಿ, ನಮ್ಮಳಿಯ ಪೂರ್ತಿ ತಿಂದಿದಾನೆ. ಒಂದು ಹಲ್ಲಾದ್ರೂ ಅಲುಗಿದೆಯಾ? ಮದುವೆ ದಿನಕ್ಕಿಂತ ಚೆನ್ನಾಗಿದಾನೆ!”

ಜನ ನಕ್ಕರು. ಅವನೂ ನಕ್ಕ.

ಒಳಗೆ ಏನೋ ಬಿದ್ದ ಸದ್ದು.

ಓಡಿದ. ಉಗ್ರಾಣದಲ್ಲಿ ಕತ್ತಲೆ. ಹಿತ್ತಾಳೆಯ ವಾಸನೆ. ನೆಲದ ಮೇಲೆ ಗೋಮತಿ. ಕೈ ನಡುಗುತ್ತಿತ್ತು. ಬಾಯಿಂದ ಜೊಲ್ಲು. ಒಸಡು ಕಪ್ಪು. ಅಂಗೈಯಲ್ಲಿ ಅವಳದೇ ಹಲ್ಲು.

“ನೀವು ಎಲೆ ಬಿಟ್ಟುಹೋಗ್ತಿದ್ರಿ... ಶಾಪ ನಿಮಗೆ ತಟ್ಟಬಾರದು ಅಂತ...”

“ನೀನು ತಿಂದ್ಯಾ?”

“ಅಪ್ಪಂಗೆ ಹೇಳ್ಬೇಡ್ರೀ. ನಿಮ್ಮ ಮರ್ಯಾದೆ ಹೋಗುತ್ತೆ.”

ಹೊರಗೆ ಮಾವನ ದನಿ: “ಒಬ್ಬೊಬ್ರೇ ಬನ್ನಿ. ನಾಲಿಗೆ ಚಾಚಿ.”

ಎದ್ದ. ಹೊಸ್ತಿಲಿಗೆ ಬಂದ. ಅಷ್ಟೂ ಜನ ಅವನ ಮುಖ ನೋಡಿದರು. ಕೂಗಬೇಕು. ಈಗಲೇ. ನಾಲಿಗೆ ಏಳಲಿಲ್ಲ. ಒಂದು ಉಸಿರು. ಇನ್ನೊಂದು.

“ಕೊಡ್ಬೇಡಿ ಮಾವ! ನಾನು ತಿಂದಿಲ್ಲ!”

ಮಾವನ ಕೈ ಗಾಳಿಯಲ್ಲೇ ನಿಂತಿತು. ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕಿ ಆಗಲೇ ನುಂಗಿದ್ದಳು. ಅವನ ಮಾತು ಅರ್ಥವಾಗದೆ, ತುಟಿಗಂಟಿದ ಜೇನು ನೆಕ್ಕುತ್ತ ಅವನಿಗೆ ಕೈ ಮುಗಿದಳು.