ಎರಡು ಗಂಟಿನ ಮದುವಣಗಿತ್ತಿ

ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಹೊನ್ನಗುಡ್ಡ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಕೆಲಸ ಶುರು ಮಾಡುವುದರಲ್ಲಿ ಎತ್ತಿದ ಕೈ. ಒಂದು ಕೆರೆ ತೋಡಬೇಕೆಂದರೆ ತೋರಣ ಕಟ್ಟುವರು, ಕಾಯಿ ಒಡೆಯುವರು, ವಾದ್ಯ ಊದಿಸುವರು. ಮಹಾರಾಜ ಗಜಸಿಂಹರೇ ಬಂದು ಒಂದು ಗುದ್ದಲಿ ಮಣ್ಣು ತೆಗೆದು ಭಾಷಣ ಬಿಗಿಯುವರು. ಅಷ್ಟಾದ ಮೇಲೆ ಎಲ್ಲರೂ ಊಟಕ್ಕೆ ಹೋಗುವರು. ಊಟವಾದ ಮೇಲೆ ಕೆರೆಯ ನೆನಪು ಒಬ್ಬರಿಗೂ ಇರುತ್ತಿರಲಿಲ್ಲ. ಅರಮನೆಗೆ ಮೂರೇ ಗೋಡೆ, ನಾಲ್ಕನೆಯ ಕಡೆ ಪರದೆ ಇಳಿಬಿಟ್ಟಿದ್ದರು. ಮಂತ್ರಿಯ ಅಂಗಿಗೆ ಒಂದೇ ತೋಳು. ಎರಡನೆಯ ತೋಳು ಹೊಲಿಯುತ್ತಿದ್ದ ಸಿಂಪಿಗ ನೀರು ಕುಡಿದು ಬರುತ್ತೇನೆಂದು ಎದ್ದುಹೋಗಿ ಹನ್ನೊಂದು ವರ್ಷವಾಗಿತ್ತು.

ಇದರಿಂದ ಸುಖಪಟ್ಟವನು ಒಬ್ಬನೇ. ಅವನು ಮಾಂತ್ರಿಕ ಭೃಂಗೋದರ. ಏಳು ಬೆಟ್ಟದಾಚೆ ಗವಿಯಲ್ಲಿ ಅವನ ವಾಸ. ಜನ ಅರ್ಧಕ್ಕೆ ಬಿಟ್ಟೆದ್ದ ಕೆಲಸದಲ್ಲಿ ಉಳಿದ ಹುರುಪೇ ಅವನ ಊಟ. ಯಾರಾದರೂ ಕೆಲಸ ಬಿಟ್ಟು ಎದ್ದರೆ ಸಾಕು, ಹೊಗೆಯಾಗಿ ಬಂದು ಆ ಹುರುಪನ್ನು ಸುರ್ರೆಂದು ಹೀರುತ್ತಿದ್ದ. ಹೊರಲು ಆಗುವ ವಸ್ತುವಾದರೆ, ಮನಸ್ಸಿಗೂ ಹಿಡಿಸಿದರೆ, ಗವಿಗೆ ಹೊತ್ತೊಯ್ಯುತ್ತಿದ್ದ. ಹೊನ್ನಗುಡ್ಡದ ದಯೆಯಿಂದ ಅವನ ಹೊಟ್ಟೆ ದಿನಕ್ಕೊಂದು ಗೇಣು ಬೆಳೆಯುತ್ತಿತ್ತು.

ಆ ರಾಜ್ಯದಲ್ಲಿ ಬುಟ್ಟಿ ಹೆಣೆಯುವ ಸಂಕವ್ವ ಎಂಬ ಹುಡುಗಿಯಿದ್ದಳು. ಅವಳಿಗೂ ಗಾಡಿ ಹೊಡೆಯುವ ಮುದ್ದಯ್ಯನಿಗೂ ಮದುವೆ ಗೊತ್ತಾಯಿತು. ಚಪ್ಪರ ಏರಿತು, ಮೇಳ ಮೊಳಗಿತು, ಮುಹೂರ್ತ ಬಂತು. ಮಾಂಗಲ್ಯಕ್ಕೆ ಮೂರು ಗಂಟು ತಾನೇ? ಮುದ್ದಯ್ಯ ಒಂದು ಗಂಟು ಹಾಕಿದ, ಎರಡು ಗಂಟು ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಅಡುಗೆಯವನು ಕೂಗಿದ: "ಎಲೆ ಹಾಕಾಯ್ತು! ಹೋಳಿಗೆ ಕಡಿಮೆ ಅವೆ, ಬೇಗ ಬನ್ರಪ್ಪೋ!"

ಮೇಳದವರು ಎದ್ದರು. ಪುರೋಹಿತರು ಎದ್ದರು. ಬೀಗರು ಪಂಚೆ ಎತ್ತಿ ಕಟ್ಟಿ ಓಡಿದರು. ಮುದ್ದಯ್ಯ ಸಂಕವ್ವನ ಕಿವಿಯಲ್ಲಿ, "ಒಂದೇ ನಿಮಿಷ, ಬಂದ್ಬಿಟ್ಟೆ" ಎಂದು ಹೇಳಿ ಅವನೂ ಎದ್ದ.

ಅರ್ಧ ಮದುವೆಯಾದ ಗಂಡು ಎಂದರೆ ಅರ್ಧಕ್ಕೆ ನಿಂತ ಕೆಲಸವೇ ಅಲ್ಲವೇ? ಚಪ್ಪರದೊಳಗೆ ಬುಸ್ಸೆಂದು ಹೊಗೆ ನುಗ್ಗಿತು. ಹೊಗೆ ಕರಗಿದಾಗ ಮುದ್ದಯ್ಯನಿಲ್ಲ. ಅವನ ಪೇಟ ಮಾತ್ರ ಹೋಳಿಗೆಯ ಬುಟ್ಟಿಯ ಪಕ್ಕದಲ್ಲಿ ಬಿದ್ದಿತ್ತು.

ಊರವರು ಕೈಕಟ್ಟಿ ಕೂರಲಿಲ್ಲ. ಮದುಮಗನನ್ನು ಹುಡುಕಲೇಬೇಕೆಂದು ತೀರ್ಮಾನಿಸಿದರು. ಹುಡುಕುವ ಕೆಲಸಕ್ಕೆ ಕಾಯಿ ಒಡೆದರು. ಮಹಾರಾಜರನ್ನು ಕರೆಸಿ ಭಾಷಣ ಮಾಡಿಸಿದರು. ಆಮೇಲೆ ಎಲ್ಲರೂ ಊಟಕ್ಕೆ ಕೂತರು. ಸಂಕವ್ವ ಇದನ್ನೆಲ್ಲ ನೋಡಿದಳು. ಬಿದಿರು ಸೀಳುವ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಗಂಟಿನ ತಾಳಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಹೊಗೆ ಬಂದ ಬೆಟ್ಟಗಳ ದಿಕ್ಕಿಗೆ ಒಬ್ಬಳೇ ಹೊರಟಳು.

ಹೋದಳು ಹೋದಳು, ಹೊಳೆ ಅಡ್ಡ ಬಂತು. ದಡದಲ್ಲಿ ಮಾತಾಡುವ ಮೊಸಳೆಯೊಂದು ಬಿಸಿಲು ಕಾಯುತ್ತಿತ್ತು.

"ಯಾಕೆ ಹೋಗ್ತಿದ್ದೀಯ?" ಎಂದಿತು ಮೊಸಳೆ. "ಕಾರಣ ಹೇಳಿ ಬೆನ್ನ ಮೇಲೆ ಕೂತ್ಕೋ. ಕಾರಣ ಎಲ್ಲಿವರೆಗೂ ಬಾಳ್ತದೋ ಅಲ್ಲಿವರೆಗೂ ತೇಲ್ತೀನಿ."

ಸಂಕವ್ವ ಯೋಚಿಸಲೇ ಇಲ್ಲ. "ಅರ್ಧ ಮದುವೆಯವಳು ಅಂತ ಊರವರು ನಗ್ತಾರೆ. ಅದಕ್ಕೆ."

ಮೊಸಳೆ ಹೊರಟಿತು. ನಡುಹೊಳೆಗೆ ಬಂದಾಗ ಸಂಕವ್ವ ತಿರುಗಿ ನೋಡಿದಳು. ಊರು ಕಾಣುತ್ತಿರಲಿಲ್ಲ. ನಗುವವರೇ ಕಾಣದ ಮೇಲೆ ನಗುವಿನ ಭಯ ಎಷ್ಟು ಹೊತ್ತು ಇದ್ದೀತು? ಮೊಸಳೆ ಗುಳುಗುಳು ಮುಳುಗತೊಡಗಿತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

"ಬೇರೆ ಕಾರಣ ಇದ್ರೆ ಬೇಗ ಹೇಳವ್ವ, ನಂಗೂ ಮೂಗಿಗೆ ನೀರು ಹೋಗ್ತದೆ!" ಎಂದಿತು ಮೊಸಳೆ.

"ಆ ಹೋಳಿಗೆಬಾಕನ್ನ ಹಿಡಿದು ಬೆನ್ನಿಗೆ ನಾಲ್ಕು ಬಾರಿಸ್ಬೇಕು!" ಎಂದು ಸಂಕವ್ವ ಕಿರುಚಿದಳು.

ಮೊಸಳೆ ಬಾಣದ ಹಾಗೆ ಹಾರಿ ಆಚೆ ದಡಕ್ಕೆ ಬಿತ್ತು. ಸಿಟ್ಟಿಗೆ ಅಷ್ಟು ವೇಗವಿರುತ್ತದೆಂದು ಆ ಮೊಸಳೆಗೇ ಗೊತ್ತಿರಲಿಲ್ಲ.

ಆಮೇಲೆ ಬೆಟ್ಟಗಳು ಬಂದವು. ಸಿಟ್ಟಿನಲ್ಲೇ ಆರು ಬೆಟ್ಟ ಹತ್ತಿ ಇಳಿದಳು. ಏಳನೆಯ ಬೆಟ್ಟದ ನಡುವೆ ದಾರಿಗೆ ಅಡ್ಡವಾಗಿ ಒಂದು ಕರಡಿ ಕೂತಿತ್ತು. ಅದಕ್ಕೂ ಮಾತು ಬರುತ್ತಿತ್ತು, ಸ್ವಲ್ಪ ಹೆಚ್ಚೇ ಬರುತ್ತಿತ್ತು.

"ಯಾಕೆ ಹೋಗ್ತಿದ್ದೀಯ ಮಗಳೇ? ಬಾ ಕೂತ್ಕೋ. ಮೊದಲು ಏನಾದ್ರೂ ತಿನ್ನು" ಎಂದು ಕರಡಿ ಜೇನಿನಲ್ಲಿ ಅದ್ದಿದ ಹಲಸಿನ ತೊಳೆ ಕೊಟ್ಟಿತು.

ಅಲ್ಲೇ ಇತ್ತು ಮೋಸ. ಮದುವೆಯ ದಿನದ ಬೆಳಗಿನಿಂದ ಉಪವಾಸವಿದ್ದ ಸಂಕವ್ವ ಹನ್ನೆರಡು ತೊಳೆ ತಿಂದಳು. ಹೊಟ್ಟೆ ತುಂಬಿತು, ಸಿಟ್ಟು ಇಳಿಯಿತು. ಸಿಟ್ಟು ಇಳಿದಂತೆ ಕಾಲಲ್ಲಿದ್ದ ಬಲವೂ ಹೋಯಿತು. ಏಳಲು ನೋಡಿದಳು, ಆಗಲಿಲ್ಲ. ಮೂರು ದಿನ ಅಲ್ಲೇ ಕೂತಳು.

ಕರಡಿ ಪಕ್ಕದಲ್ಲಿ ಕೂತು ಬುದ್ಧಿ ಹೇಳಿತು. "ಗಂಡಿಗೇನು ಬರ ಮಗಳೇ? ಆಚೆ ಊರಲ್ಲಿ ನನಗೆ ಗೊತ್ತಿರೋ ಒಬ್ಬ ಇದಾನೆ. ಎರಡು ಜೊತೆ ಎತ್ತು, ಹೆಂಚಿನ ಮನೆ. ಊಟದ ಆಸೆ ಅಂತೂ ಇಲ್ವೇ ಇಲ್ಲ, ಗಂಜಿ ಕೊಟ್ರೂ ಕುಡೀತಾನೆ."

ಸಂಕವ್ವ ನಿಜವಾಗಿಯೂ ಯೋಚಿಸಿದಳು. ಹೆಂಚಿನ ಮನೆಯನ್ನು ಮನಸ್ಸಿನಲ್ಲೇ ಗುಡಿಸಿ ಸಾರಿಸಿಯೂ ನೋಡಿದಳು. ಆದರೆ ಆ ಮನೆಯಲ್ಲಿ ಯಾರೊಡನೆ ಮಾತಾಡುವುದು ಎಂದು ಯೋಚಿಸುವಾಗ, ಹೆಣ್ಣು ನೋಡಲು ಬಂದ ದಿನದ ಮುದ್ದಯ್ಯ ನೆನಪಾದ. ಬಂದವರೆಲ್ಲ ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳಿದ್ದರು. ಅವನು ಮಾತ್ರ ಮೂಲೆಯಲ್ಲಿದ್ದ ಬುಟ್ಟಿಯನ್ನು ತಿರುಗಿಸಿ ನೋಡಿ, "ಬಿದಿರು ಎಲ್ಲಿ ಬಗ್ಗುತ್ತೆ, ಎಲ್ಲಿ ಮುರಿಯುತ್ತೆ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದ್ದ. ಅವಳು ಹೇಳುತ್ತಾ ಹೋದಳು, ಅವನು ಬಾಯಿ ಬಿಟ್ಟುಕೊಂಡು ಕೇಳುತ್ತಾ ಹೋದ. ಮುಂದಿಟ್ಟಿದ್ದ ಉಪ್ಪಿಟ್ಟು ತಣ್ಣಗಾಗಿತ್ತು. ಮುದ್ದಯ್ಯ ಉಪ್ಪಿಟ್ಟು ಮರೆತದ್ದು ಅವನ ಜನ್ಮದಲ್ಲಿ ಅದೊಂದೇ ಸಲ.

ಸಂಕವ್ವನ ಕಣ್ಣು ತುಂಬಿತು. "ಕರಡಿಯಣ್ಣ, ನನಗೆ ಅವನೇ ಬೇಕು" ಎಂದಳು. ಇದುವರೆಗೆ ಯಾರ ಮುಂದೆಯೂ, ತನ್ನ ಮುಂದೆಯೂ, ಅವಳು ಅದನ್ನು ಹೇಳಿರಲಿಲ್ಲ. ಕಾಲು ತಾನಾಗಿ ಎದ್ದಿತು. ಕರಡಿ ಮೂಗು ಒರೆಸಿಕೊಂಡು ದಾರಿ ಬಿಟ್ಟಿತು.

ಗವಿಯಲ್ಲಿ ಎಲ್ಲಿ ನೋಡಿದರೂ ಅರೆಬರೆ. ಒಂದೇ ಚಕ್ರದ ಗಾಡಿ, ಕಾಲಿಲ್ಲದ ಮಂಚ, ಪಲ್ಲವಿಯಲ್ಲೇ ನಿಂತು ಗುಂಯ್ಗುಟ್ಟುವ ಹಾಡು. ನಡುವೆ ಭೃಂಗೋದರ ಕೂತಿದ್ದ. ಹೊಟ್ಟೆ ಮುಂದೆ, ಅವನು ಹಿಂದೆ. ಮೂಲೆಯಲ್ಲಿ ಮುದ್ದಯ್ಯ ಬಾಡಿ ಹೋಗಿದ್ದ. ಅಲ್ಲಿ ಅವನಿಗೆ ಏನು ಕೊಟ್ಟರೂ ಅರ್ಧವೇ: ಅರ್ಧ ಲಾಡು, ಅರ್ಧ ಲೋಟ ಮಜ್ಜಿಗೆ. ಅರ್ಧ ಲಾಡು ತಿಂದವನ ನೋವು ಏನೂ ತಿನ್ನದವನಿಗೆ ತಿಳಿಯದು.

"ಯಾಕೆ ಬಂದೆ?" ಎಂದು ಮಾಂತ್ರಿಕ ಗುಡುಗಿದ.

"ಅವನು ಬೇಕು ಅಂತ ಬಂದೆ."

"ಒಳ್ಳೆಯದು. ಅಗೋ, ಅರ್ಧ ಹೆಣೆದ ಕಣಜ. ಅದನ್ನು ಅಂಚು ಕಟ್ಟಿ ಮುಗಿಸು, ಕರೆದುಕೊಂಡು ಹೋಗು. ಮುಗಿಸಲಿಲ್ಲವೋ, ನೀನೂ ಇಲ್ಲೇ ಇರು."

ಅದು ಕಾಳು ತುಂಬುವ ಬಿದಿರಿನ ಕಣಜ, ಎರಡಾಳು ಎತ್ತರದ್ದು. ಸಂಕವ್ವ ಬಿದಿರು ಸೀಳಿ ಹೆಣೆಯಲು ಕೂತಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಲವತ್ತು ಸಾಲು ಹೆಣೆದು, ಕೈ ತೊಳೆಯಲು ಎದ್ದಳು. ಬಂದು ನೋಡಿದರೆ ನಲವತ್ತೂ ಬಿಚ್ಚಿ ಬಿದ್ದಿವೆ! ಭೃಂಗೋದರ ತೇಗುತ್ತಿದ್ದ. ಬಿಟ್ಟೆದ್ದ ಕೆಲಸದ ಹುರುಪು ಅವನದು, ಗವಿಯೊಳಗೆ ಅದನ್ನು ಹೀರಿದರೆ ಮಾಡಿದ ಕೆಲಸವೂ ಬಿಚ್ಚಿಹೋಗುತ್ತಿತ್ತು, ಅದೇ ಅವನ ಮಂತ್ರ.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ದಿನಾ ಬೆಳಗ್ಗೆ "ನನಗೆ ಅವನೇ ಬೇಕು" ಎಂದು ಹೇಳಿಕೊಂಡು ಕೂರುತ್ತಿದ್ದಳು. ನಾಲ್ಕನೆಯ ದಿನ ಅದೇ ಮಾತು ನಿನ್ನೆಯ ಮುದ್ದೆಯಂತೆ ಗಂಟಲಲ್ಲಿ ನಿಂತಿತು. ಕೈ ಬಿದಿರು ಮುಟ್ಟಲಿಲ್ಲ. ಅವಳು ಕತ್ತಿ ಎಸೆದು ಮುದ್ದಯ್ಯನ ಮೇಲೆ ಹರಿಹಾಯ್ದಳು.

"ಇನ್ನೊಂದು ಗಂಟು ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನನಗಿಂತ ಹೋಳಿಗೆ ಹೆಚ್ಚಾಯ್ತಾ?"

"ಹೆಚ್ಚಾಯ್ತು ಅಂತ ಅಲ್ಲ..." ಎಂದ ಮುದ್ದಯ್ಯ. "ಹೋಳಿಗೆ ಕಡಿಮೆ ಅಂದ್ರಲ್ಲ. ನೀನು ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ನಿನಗೂ ಒಂದು ಎತ್ತಿಡೋಣ ಅಂತ ಓಡಿದೆ."

"ಸುಳ್ಳು."

"ಒಂದಲ್ಲ. ನಿನಗೊಂದು, ನನಗೆ ನಾಲ್ಕು. ಅದು ನಿಜ."

ನಾಲ್ಕು ಎಂದ ಮೇಲೆ ಸಂಕವ್ವನಿಗೆ ನಂಬಿಕೆ ಬಂತು. ನಗುವೂ ಬಂತು, ಅಳುವೂ ಬಂತು. "ನನಗೆ ಸಾಕಾಗಿದೆ ಮುದ್ದಯ್ಯ. ಇವತ್ತು ಹೆಣೆಯೋಕೆ ನನ್ನಲ್ಲಿ ಒಂದು ಕಾರಣವೂ ಉಳಿದಿಲ್ಲ" ಎಂದು ಗೋಡೆಗೊರಗಿ ಕೂತಳು.

ಮುದ್ದಯ್ಯ ಎದ್ದು ಕಣಜದ ಬಳಿ ಹೋಗಿ ಕೂತ. "ನನ್ನ ಹತ್ರ ಒಂದಿದೆ. ನೀನು ಮಲಕ್ಕೋ, ನಾನು ಹೆಣೀತೀನಿ. ಹೆಂಗೆ ಅಂತ ಮಾತ್ರ ಹೇಳಿಕೊಡು."

ಅವನು ಹೆಣೆದ ಸಾಲು ಹಾವಿನ ಹಾಗೆ ಸೊಟ್ಟ. ಬಿದಿರಿನ ಚೂರು ಹತ್ತು ಬೆರಳಿಗೂ ಚುಚ್ಚಿತು. ಆದರೂ ಬಿಡಲಿಲ್ಲ. ಸಂಕವ್ವ ಚೆನ್ನಾಗಿ ನಿದ್ದೆ ಮಾಡಿ ಎದ್ದಳು. ನೋಡಿದರೆ ಒಂದು ಸಾಲೂ ಬಿಚ್ಚಿರಲಿಲ್ಲ! ಒಬ್ಬರ ಕೈ ಕೆಲಸದ ಮೇಲೆ ಇರುವವರೆಗೂ ಅದು ಬಿಟ್ಟೆದ್ದ ಕೆಲಸವಲ್ಲ. ಭೃಂಗೋದರ ಬರಿಹೊಟ್ಟೆಯಲ್ಲಿ ಕೂತಿದ್ದ.

ಅಲ್ಲಿಂದ ಇಬ್ಬರೂ ಸರದಿ ಹಿಡಿದರು. ಅವಳು ಎದ್ದರೆ ಅವನು ಕೂತ, ಅವನು ಎದ್ದರೆ ಅವಳು ಕೂತಳು. ಮಾಂತ್ರಿಕ ಹೋಳಿಗೆಯ ಪರಿಮಳ ಬಿಟ್ಟ. ಮುದ್ದಯ್ಯನ ಬಾಯಲ್ಲಿ ನೀರೂರಿತು, ಮೂಗು ಆ ಕಡೆ ತಿರುಗಿತು, ಕೈ ಮಾತ್ರ ತಿರುಗಲಿಲ್ಲ. ಒಂದೊಂದು ಸಾಲು ಏರಿದಂತೆ ಮಾಂತ್ರಿಕನ ಹೊಟ್ಟೆ ಒಂದೊಂದು ಗೇಣು ಇಳಿಯಿತು. ಒಂಬತ್ತನೆಯ ದಿನ ಸಂಕವ್ವ ಏಣಿ ಹತ್ತಿ ಅಂಚು ಕಟ್ಟಿ ಬಿಗಿದಳು. ಠಪ್ ಎಂದು ಮಂತ್ರ ಹರಿಯಿತು. ಭೃಂಗೋದರ ಇದ್ದ ಜಾಗದಲ್ಲಿ ಒಬ್ಬ ಬಡಕಲು ಮುದುಕ, ಜಾರುವ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಹಸಿವು ತಾಯಿ" ಎಂದ ಅವನು.

"ನಿಲ್ಲು, ನಮ್ಮದೊಂದು ಕೆಲಸ ಬಾಕಿ ಇದೆ" ಎಂದಳು ಸಂಕವ್ವ. ಮುದ್ದಯ್ಯ ಅಲ್ಲೇ ಮೂರನೆಯ ಗಂಟು ಹಾಕಿದ. ಬೆರಳೆಲ್ಲ ಊದಿದ್ದರಿಂದ ತುಂಬಾ ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ.

ಮಂತ್ರ ಹರಿದ ಕೂಡಲೇ ಹೊನ್ನಗುಡ್ಡದವರಿಗೆ ಬಿಟ್ಟ ಹುರುಪೆಲ್ಲ ವಾಪಸ್ಸು ಬಂತು. ಸಿಂಪಿಗ ಸೂಜಿ ಹಿಡಿದು ಅರಮನೆಗೆ ಓಡಿದ. ಕೆರೆ ತುಂಬಿತು, ಗೋಡೆ ಎದ್ದಿತು. ಇಬ್ಬರು ಓರಗಿತ್ತಿಯರು ಏಳು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಜಗಳವನ್ನು ಮೂರು ದಿನ ಆಡಿ ಮುಗಿಸಿ, ತಬ್ಬಿಕೊಂಡು ಅತ್ತರು. ಮಹಾರಾಜರು ಹಳೆಯ ಭಾಷಣಗಳನ್ನೆಲ್ಲ ಪೂರ್ತಿ ಮಾಡುತ್ತೇನೆಂದು ಹೊರಟರು. ಅದೊಂದನ್ನು ಮಾತ್ರ ಜನ ಕೈಮುಗಿದು ತಡೆದರು. ಭೃಂಗೋದರ ಊರಿಗೆ ಬಂದು ಮೊದಲ ಸಲ ಅನ್ನ ಸಾರು ತಿಂದು, "ಇದು ಇಷ್ಟು ಚೆನ್ನಾಗಿರುತ್ತೆ ಅಂತ ಯಾರೂ ಯಾಕೆ ಹೇಳಲಿಲ್ಲ?" ಎಂದು ಕೇಳಿ, ಸಂಕವ್ವನ ಅಂಗಳದಲ್ಲಿ ಬಿದಿರು ಸೀಳುವ ಕೆಲಸಕ್ಕೆ ನಿಂತ.

ಸಂಕವ್ವ ಮುದ್ದಯ್ಯ ಜಗಳವಾಡುತ್ತಾ, ಬುಟ್ಟಿ ಹೆಣೆಯುತ್ತಾ, ಹೊಟ್ಟೆ ತುಂಬಾ ಉಣ್ಣುತ್ತಾ ನೂರು ವರ್ಷ ಚೆನ್ನಾಗಿ ಬಾಳಿದರು. ಕೆಲವು ದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಸಂಕವ್ವನಿಗೆ ಏಳಲು ಒಂದು ಕಾರಣವೂ ಸಿಗುತ್ತಿರಲಿಲ್ಲ. ಅಂಥ ದಿನ ಮುದ್ದಯ್ಯನ ಕಾರಣದಲ್ಲೇ ಇಬ್ಬರೂ ಏಳುತ್ತಿದ್ದರು.